ಪುಕ್ಕಟೆ ಸಿಕ್ಕಿತೆಂದು ಬೀಗಬೇಡ, ಮಾಣಿ

ಸಾಸ್ತಾನ ಪೇಟೆಯಲ್ಲಿ ಹೆದ್ದಾರಿ ಬದಿಗೆ ನೀನು ಅಂಗಡಿ ಹಾಕಿದ್ದು ಕಂಡು ನನಗೆ ಬಹಳ ಖುಷಿಯಾಗಿದೆ. ಓದು ಮುಗಿಸಿದವರೆಲ್ಲ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವ ಕಾಲದಲ್ಲಿ ನೀನು ಊರಲ್ಲೇ ನಿಂತೆ. ಮದುವೆ ಕಾಗದ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು, ದೇವಸ್ಥಾನದ ಫ್ಲೆಕ್ಸು, ಫೋಟೋ ಆಲ್ಬಮ್ಮು, ಅಂಗಡಿಯವರ ಜಿಎಸ್‌ಟಿ ಲೆಕ್ಕ, ಎಲ್ಲವನ್ನೂ ಮಾಡಿಕೊಡುತ್ತೀಯ. ಕೈ ಚುರುಕು. ಬಣ್ಣದ ಹದ ಗೊತ್ತು. ಗಿರಾಕಿಯ ಹತ್ತಿರ ಮಾತೂ ಹಿತ. ಹಾಗಿದ್ದೂ ಒಂದು ವಿಷಯದಲ್ಲಿ ನಿನ್ನ ಅವಸರ ನನಗೆ ಸರಿಕಾಣಲಿಲ್ಲ. ದೊಡ್ಡವನಾದ ಮೇಲೆ ಹೇಳಿ ಪ್ರಯೋಜನವಿಲ್ಲ, ಈಗಲೇ ಹೇಳುತ್ತೇನೆ. ಕೋಪ ಬಂದರೆ ಬರಲಿ.

ನಿನ್ನ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರುಗಳಲ್ಲಿ ಹಣ ಕೊಟ್ಟು ತಂದದ್ದು ಎಷ್ಟು? ಮೊನ್ನೆ ಕೇಳಿದ್ದಕ್ಕೆ ನಕ್ಕುಬಿಟ್ಟೆ. "ಎಂತಕೆ ಅಜ್ಜಯ್ಯ, ಎಲ್ರೂ ಹಾಂಗೇ ಮಾಡುದಲ್ದಾ?" ಅಂದೆ. ಆಮೇಲೆ ಹೆಮ್ಮೆಯಿಂದ ಎದೆಯುಬ್ಬಿಸಿ, ಇಷ್ಟು ಸಾವಿರದ್ದು ಪುಕ್ಕಟೆ, ಅಷ್ಟು ಸಾವಿರದ್ದು ಪುಕ್ಕಟೆ ಎಂದು ಲೆಕ್ಕ ಒಪ್ಪಿಸಿದೆ. ಆ ಹೆಮ್ಮೆಯೇ ನನ್ನ ಚಿಂತೆ. ಗತಿಯಿಲ್ಲದೆ ಮಾಡುವವನಿಗೆ ಬುದ್ಧಿ ಹೇಳಬಹುದು. ಜಾಣತನವೆಂದು ಮಾಡುವವನ ಕಿವಿ ಹಿಂಡಬೇಕಾಗುತ್ತದೆ.

ಮೊದಲು ನಿನ್ನ ಲಾಭನಷ್ಟದ ಮಾತನ್ನೇ ಆಡೋಣ, ಧರ್ಮದ ಮಾತು ಆಮೇಲೆ. ಸಾಫ್ಟ್‌ವೇರಿನ ಬೀಗ ಮುರಿಯುವ ಆ ಕ್ರ್ಯಾಕನ್ನು ನೀನು ಹಾಕುವಾಗ ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಒಂದು ಜಿಪ್ ಫೈಲು. ಬಿಚ್ಚಲು ಪಾಸ್‌ವರ್ಡು. ಒಳಗೆ ಸೆಟಪ್ಪು, ಅದರ ಜೊತೆಗೊಂದು ಓದೋಲೆ. ಓದೋಲೆಯ ಮೊದಲ ಸಾಲೇನು? ಆಂಟಿವೈರಸ್ ಬಂದ್ ಮಾಡು. ಎರಡನೆಯದು? ಇಂಟರ್ನೆಟ್ ತೆಗೆ. ಮೂರನೆಯದು? ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು. ನೀನು ಒಂದನ್ನೂ ಬಿಡದೆ ಹೇಳಿದ ಹಾಗೆ ಮಾಡಿದೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಮುಖ ಕಂಡದ್ದಿಲ್ಲ. ಅಂಥವನೊಬ್ಬ, ಕಾವಲುಗಾರನನ್ನು ಆಚೆಗೆ ಕಳಿಸು, ಬಾಗಿಲ ಕೀಲಿ ಕೊಡು ಅಂದ. ನೀನು ಕೊಟ್ಟೆ. ಮನೆಯವರು ಹೇಳಿದ ಮಾತನ್ನು ಇಷ್ಟು ನಿಷ್ಠೆಯಿಂದ ಕೇಳಿದ್ದರೆ ನಿನ್ನ ಅಮ್ಮ ಎಷ್ಟು ಸಂತೋಷಪಡುತ್ತಿದ್ದಳೋ!

ಅವನು ಇಷ್ಟೆಲ್ಲ ಕಷ್ಟಪಟ್ಟು ನಿನಗೆ ಪುಕ್ಕಟೆ ಯಾಕೆ ಹಂಚುತ್ತಾನೆ ಎಂದು ಒಮ್ಮೆಯಾದರೂ ಯೋಚಿಸಿದ್ದೀಯಾ? ಸ್ಟಾಪ್ ಎಂಬ ಹೆಸರಿನ ಸುಲಿಗೆ ವೈರಸ್ಸಿನ ಕುಲವೊಂದಿದೆ. ಹರಡಿದ್ದು ಬಹುಪಾಲು ಇಂಥ ಕ್ರ್ಯಾಕು, ಕೀಜೆನ್‌ಗಳ ಮೂಲಕವೇ. ಒಳಗೆ ಹೊಕ್ಕ ಮೇಲೆ ಫೋಟೋ, ವಿಡಿಯೋ, ಲೆಕ್ಕದ ಫೈಲು ಎಲ್ಲಕ್ಕೂ ಬೀಗ ಜಡಿದು, ಹೆಸರಿನ ತುದಿಗೆ ವಿಚಿತ್ರ ಬಾಲ ಅಂಟಿಸುತ್ತದೆ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ ಬಿಟ್ಟು ಹೋಗುತ್ತದೆ. ಬಹುಕಾಲ ಅದರಲ್ಲಿದ್ದ ಮಾತು ಇದು: 980 ಡಾಲರ್ ಕೊಡು, 72 ಗಂಟೆಯೊಳಗೆ ಮಾತಾಡಿದರೆ ಅರ್ಧಕ್ಕೆ, ಅಂದರೆ 490ಕ್ಕೆ ಬಿಡುತ್ತೇನೆ. ನಮ್ಮ ಕಡೆಯ ಒಬ್ಬ ಹುಡುಗನ ಸ್ಟುಡಿಯೋದಲ್ಲಿ ಹೀಗೇ ಆಯಿತು. ಮೇ ತಿಂಗಳು, ಮದುವೆಯ ಸೀಸನ್ನು. ಆಲ್ಬಮ್ ಇನ್ನೂ ಮುದ್ರಣಕ್ಕೆ ಹೋಗಿರಲಿಲ್ಲ. ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಅಳಿಸಿಯಾಗಿತ್ತು. ಬ್ಯಾಕಪ್ ಡಿಸ್ಕು ಅದೇ ಕಂಪ್ಯೂಟರಿಗೆ ಸಿಕ್ಕಿಸಿತ್ತು, ಅದಕ್ಕೂ ಬೀಗ. ಹೆಣ್ಣಿನ ತಂದೆ ಬಂದು ಅಂಗಡಿಯಲ್ಲಿ ಕೂತವರು ಬೈಯಲೂ ಇಲ್ಲ, ಸುಮ್ಮನೆ ಕೂತೇ ಇದ್ದರು. ಧಾರೆಯ ಫೋಟೋದಲ್ಲಿ ಅವರ ತಾಯಿ ಇದ್ದರಂತೆ. ಮದುವೆ ಆದ ವಾರದೊಳಗೆ ಆ ಹಿರಿಯರು ತೀರಿಕೊಂಡಿದ್ದರು.

ಆ ಹುಡುಗನೂ ನಿನ್ನ ಹಾಗೇ ಕೈ ಚುರುಕಿನವ. ಪೊಲೀಸರ ಹತ್ತಿರ ಹೋಗುವುದಕ್ಕೂ ಅವನಿಗೆ ಹೆದರಿಕೆ. ಹೋದರೆ ಮೊದಲ ಪ್ರಶ್ನೆಯೇ "ಸಾಫ್ಟ್‌ವೇರ್ ಬಿಲ್ ಎಲ್ಲಿ?" ಎಂದಾದೀತು.

ಇನ್ನು ಧರ್ಮದ ಮಾತು. ನಾನು ಮೊಳೆ ಜೋಡಿಸುವ ಕಾಲದಿಂದ ಮುದ್ರಣದಲ್ಲಿದ್ದವ. ಒಂದು ಪುಟದ ಅಚ್ಚು ಕೂಡಿಸಲು ಅರ್ಧ ದಿನ ಹಿಡಿಯುತ್ತಿದ್ದದ್ದು, ಪ್ರೂಫಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಚಿಮಟ ಹಿಡಿದು ಕೂರುತ್ತಿದ್ದದ್ದು ನೆನಪಿದೆ. ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ಕನ್ನಡ ತಾನಾಗಿ ಬರಲಿಲ್ಲ, ಯಾರೋ ತಂದರು. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಮೋನೋಟೈಪ್ ಎಲ್ಲ ಕಂಡವರು, ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆ ವಿನ್ಯಾಸ ಮಾಡಿದರು. ನೀನು ದಿನಾ ಹೊಡೆಯುವುದು ಅದನ್ನೇ. "ಅಕ್ಕ" ಎಂದು ಬರಬೇಕಾದರೆ ಎ, ಕೆ, ಎಫ್, ಕೆ ಎಂದು ನಾಲ್ಕು ಕೀಲಿ ಒತ್ತುತ್ತೀಯಲ್ಲ, ಆ ಎಫ್ ಕೀಲಿ ಒತ್ತಿದ ಕೂಡಲೇ ಮುಂದಿನದು ಒತ್ತಕ್ಷರವಾಗಿ ಕೂರುತ್ತದಲ್ಲ, ಅಷ್ಟು ಸರಳ ಮಾಡಲು ಅವರು ಎಷ್ಟು ಯೋಚಿಸಿರಬೇಕು! ನಾನು ಚಿಮಟದಲ್ಲಿ ಹುಡುಕುತ್ತಿದ್ದ ಒತ್ತಕ್ಷರ ನಿನ್ನ ಬೆರಳ ತುದಿಗೆ ಬಂದದ್ದು ಹಾಗೆ. ತಾವು ಮಾಡಿದ ಕನ್ನಡ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟರು. ಆ ವಿನ್ಯಾಸವನ್ನು ಬೀಗ ಹಾಕಿ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ, ನಾಡಿಗೆ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಮಾಡಿದ 'ನುಡಿ' ಅದೇ ವಿನ್ಯಾಸದ ಮೇಲೆ ನಿಂತಿದೆ. ಅದೂ ಜನರಿಗೆ ಉಚಿತ.

ಇನ್ನೊಬ್ಬರು ಶೇಷಾದ್ರಿವಾಸು. 1998ರಲ್ಲಿ 'ಬರಹ' ಬಿಡುಗಡೆ ಮಾಡಿ ಉಚಿತವಾಗಿ ಕೊಟ್ಟರು. ದೇಶ ಬಿಟ್ಟು ಹೋದ ಕನ್ನಡಿಗರು ಮನೆಗೆ ಕನ್ನಡದಲ್ಲಿ ಬರೆಯಲು ಕಲಿತದ್ದು ಅದರಿಂದ. ಮುಂದೆ ಹೊಸ ಆವೃತ್ತಿಗಳಿಗೆ ಬೆಲೆ ಇಟ್ಟರು. ಇಟ್ಟದ್ದೇ ತಡ, ವರ್ಷಗಟ್ಟಲೆ ಪುಕ್ಕಟೆ ಉಂಡವರೇ ಗೊಣಗಿದರು. ಅದು ನನಗೆ ಸಹಿಸಲಾಗಲಿಲ್ಲ. ಕೆ.ಪಿ. ರಾಯರು ಕೊಟ್ಟದ್ದು ಅವರ ಉದಾರತೆ. ಶೇಷಾದ್ರಿವಾಸು ಬೆಲೆ ಕೇಳಿದ್ದು ಅವರ ಹಕ್ಕು. ಎರಡನ್ನೂ ನಿರ್ಧರಿಸಬೇಕಾದವ ಮಾಡಿದವನೇ. ನೀನು ಕ್ರ್ಯಾಕು ಹಾಕಿದಾಗ ಆ ನಿರ್ಧಾರ ಅವನ ಕೈಯಿಂದ ಕಿತ್ತುಕೊಳ್ಳುತ್ತೀಯ. ಈ ವಿಷಯದಲ್ಲಿ ನನ್ನ ಮಾತೆಲ್ಲ ಇಷ್ಟೇ, ಉಳಿದದ್ದು ಇದರ ವಿವರ.

ಟಿಕೆಟ್ ಕೊಳ್ಳದೆ ಆಟದ ಡೇರೆಯ ಕೆಳಗಿನಿಂದ ನುಸುಳಿ ಒಳಗೆ ಹೋದ ಹುಡುಗರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಭಾಗವತರ ಪದ ಒಬ್ಬ ಹೆಚ್ಚಾಗಿ ಕೇಳಿದ ಮಾತ್ರಕ್ಕೆ ಸವೆಯುವುದಿಲ್ಲ, ನಿಜ. ಆದರೆ ಡೇರೆಯ ಕೆಳಗಿನಿಂದಲೇ ಊರೆಲ್ಲ ನುಸುಳಿದರೆ ಆ ಮೇಳ ಮರುವರ್ಷ ತಿರುಗಾಟಕ್ಕೆ ಹೊರಡುವುದು ಹೇಗೆ?

ಕಾನೂನು ಏನು ಹೇಳುತ್ತದೆ ಎಂದು ನಿನಗೆ ಗೊತ್ತಿರಲೇಬೇಕು, ಯಾಕೆಂದರೆ ನೀನು ಕಾರಂತರ ಊರು ಕೋಟ, ಸಾಲಿಗ್ರಾಮದ ಮಗ್ಗುಲಲ್ಲಿ ಇರುವವ. ಶಿವರಾಮ ಕಾರಂತರು 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದು ಎಂಬ ತಕರಾರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ಶುರುವಾಗಿ ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಕಡೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್, ಇನ್ನೊಂದು ಕಡೆ ಕಾರಂತರು ಉಯಿಲಿನಲ್ಲಿ ಹಕ್ಕು ಬರೆದುಕೊಟ್ಟ ಮಾಲಿನಿ ಮಲ್ಯ. 2009ರ ಜನವರಿಯಲ್ಲಿ ತೀರ್ಪು ಬಂತು. ಹಕ್ಕು ಮಾಲಿನಿ ಮಲ್ಯ ಅವರದೇ ಎಂದಿತು ಕೋರ್ಟು. ಕಾಯ್ದೆಯೇ ವಿನಾಯಿತಿ ಕೊಟ್ಟ ಕಡೆ ಅಕಾಡೆಮಿಯೂ ಅದರ ಪ್ರಯೋಜನ ಪಡೆಯಬಹುದು ಎಂದೂ ಸೇರಿಸಿತು. ರಂಗಸ್ಥಳದಲ್ಲಿ ಕುಣಿದು ಮಾಯವಾಗುವ ಹೆಜ್ಜೆಗೂ ಒಬ್ಬ ಒಡೆಯನಿದ್ದಾನೆ ಎಂದು ನಮ್ಮೂರ ಪ್ರಕರಣವೇ ದೇಶಕ್ಕೆ ತೋರಿಸಿತು.

ಅಲ್ಲಿ ನಡೆದದ್ದು 1957ರ ಕೃತಿಸ್ವಾಮ್ಯ ಕಾಯ್ದೆ. ನಿನಗೆ ಲಗಾವಾಗುವುದೂ ಅದೇ. 1984ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದರು. ಕಾರಂತರ ಕಾದಂಬರಿಗೂ ಇಂಜಿನಿಯರನ ಪ್ರೋಗ್ರಾಮಿಗೂ ಕಾನೂನಿನ ಕಣ್ಣಲ್ಲಿ ಒಂದೇ ಪಂಕ್ತಿ. 1994ರಲ್ಲಿ 63ಬಿ ಕಲಮು ಬಂತು. ಕಳ್ಳಪ್ರತಿ ಎಂದು ತಿಳಿದೂ ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಸೆರೆ. ಕನಿಷ್ಠ 50,000, ಗರಿಷ್ಠ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ನ್ಯಾಯಾಧೀಶರು ಸೆರೆ ಬಿಟ್ಟು ದಂಡ ಮಾತ್ರ ಹಾಕಬಹುದು. ನೀನು ವ್ಯಾಪಾರದವ, ಆ ಸಡಿಲಿಕೆ ನಿನಗಿಲ್ಲ. ಹಣ ಕೊಟ್ಟು ತಂದ ಸಾಫ್ಟ್‌ವೇರು ಹಾಳಾದರೆ ಎಂದು ಒಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ಅದೇ ಕಾಯ್ದೆ ಬಿಡುತ್ತದೆ, ಅದೂ ನೆನಪಿರಲಿ. ನಮ್ಮ ರಾಜ್ಯದಲ್ಲಿ ಇನ್ನೂ ಬಿಗಿ. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ದುಡ್ಡಿಗಾಗಿ ಪುಸ್ತಕ, ಸಿನಿಮಾ, ಸಾಫ್ಟ್‌ವೇರುಗಳ ಕೃತಿಸ್ವಾಮ್ಯ ಮುರಿಯುವವರನ್ನು 'ಡಿಜಿಟಲ್ ಅಪರಾಧಿ' ಎಂದು ಅದರೊಳಗೆ ತಂದರು. ನಕಲು ಮಾಡಿದವನನ್ನು ಗೂಂಡಾನ ಸಾಲಿಗೆ ಸೇರಿಸಿ ವಿಚಾರಣೆಗೆ ಮೊದಲೇ ಒಳಗೆ ಹಾಕುವುದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೂ ಕಾನೂನು ಕಾನೂನೇ.

ದೊಡ್ಡ ಕಂಪನಿಗಳ ಗಲಾಟೆ ಇದೆಲ್ಲ, ನಮಗೇನು ಎಂದೆಯಲ್ಲ? ಗಲಾಟೆ ಇಂದಿನದಲ್ಲ. 1976ರಲ್ಲೇ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನಾವು ಬರೆದ ಬೇಸಿಕ್ ಪ್ರೋಗ್ರಾಮನ್ನು ಬಹುಪಾಲು ಜನ ಕದ್ದೇ ಬಳಸುತ್ತಿದ್ದೀರಿ ಎಂದು ಜಗಳ ತೆಗೆದಿದ್ದ. ನಮ್ಮಲ್ಲಿ 1988ರಲ್ಲಿ ಸಾಫ್ಟ್‌ವೇರ್ ಉದ್ಯಮದವರೆಲ್ಲ ಸೇರಿ ನಾಸ್ಕಾಂ ಕಟ್ಟಿಕೊಂಡರು. ದೇವಾಂಗ್ ಮೆಹ್ತಾ ಅದನ್ನು ನಡೆಸಿದ ತೊಂಬತ್ತರ ದಶಕದಲ್ಲಿ ಕಳ್ಳಪ್ರತಿಯ ವಿರುದ್ಧ ಊರೂರು ತಿರುಗಿ ಮಾತಾಡಿದರು, ದಾಳಿ ಮಾಡಿಸಿದರು, ಸರ್ಕಾರದ ಕದ ತಟ್ಟಿದರು. ಅವರು 2001ರಲ್ಲಿ ಸಣ್ಣ ವಯಸ್ಸಿಗೇ ತೀರಿಕೊಂಡರು. ಬಿಎಸ್‌ಎ ಎಂಬ ಕಂಪನಿಗಳ ಒಕ್ಕೂಟದ 2018ರ ವರದಿಯಂತೆ, ಹಿಂದಿನ ವರ್ಷ ಭಾರತದ ಕಂಪ್ಯೂಟರುಗಳಲ್ಲಿದ್ದ ಸಾಫ್ಟ್‌ವೇರಿನಲ್ಲಿ ಶೇ. 56 ಲೈಸೆನ್ಸ್ ಇಲ್ಲದ್ದು. ಕದ್ದ ಪ್ರತಿಗೊಂದರಂತೆ ಬೆಲೆ ಕಟ್ಟಿ "ಇಷ್ಟು ಕೋಟಿ ನಷ್ಟ" ಎನ್ನುತ್ತಾರಲ್ಲ, ಆ ಗುಣಾಕಾರವನ್ನು ನಾನು ಒಪ್ಪುವವನಲ್ಲ. ಕದಿಯಲು ಸಿಗದಿದ್ದರೆ ಅವರೆಲ್ಲ ಕೊಳ್ಳುತ್ತಿದ್ದರೇ? ಇಲ್ಲ. ಡಾಲರಿನ ದರವನ್ನು ತಂದು ಸಾಸ್ತಾನದ ಅಂಗಡಿಗೆ ಹೇರುವುದೂ ನ್ಯಾಯವಲ್ಲ. ಹಾಗೆಂದು ಅವರ ಲೆಕ್ಕ ತಪ್ಪಿದ್ದಕ್ಕೆ ನಿನ್ನ ಕಳವು ಸರಿಯಾಗುವುದಿಲ್ಲ.

ಈಗ ಕೇಳು. ನಷ್ಟ ಅಮೆರಿಕದವನಿಗೆ ಎಂದು ನೀನು ತಿಳಿದಿದ್ದೀಯ. ಬಂದ ಅಂಗಡಿಯವರಿಗೆಲ್ಲ ಕದ್ದ ಟ್ಯಾಲಿ ಹಾಕಿಕೊಡುತ್ತೀಯಲ್ಲ, ಅದು ಎಲ್ಲಿಯದು ಗೊತ್ತೇ? 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ ಮಗ ಭರತ್‌ಗೆ ನೀನೇ ಬರೆ ಅಂದರು. ಮಗ ಬರೆದ. ಇಂದು ದೇಶದ ತುಂಬ ಗುಮಾಸ್ತರ ಕೈಯಲ್ಲಿ ಅದೇ ಇದೆ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಷ್ಟೇ ಅಲ್ಲ, ನಮ್ಮ ಉಡುಪಿಯೂ ಇದೆ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲೇ ರೋಬೋಸಾಫ್ಟ್ ಶುರುಮಾಡಿ, ಈ ಕಡಲತಡಿಯಲ್ಲಿ ಕೂತೇ ಹೊರದೇಶಕ್ಕೆ ಸಾಫ್ಟ್‌ವೇರ್ ಮಾಡಬಹುದು ಎಂದು ತೋರಿಸಿದರು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು ಕೊಂಡಿತು. ನಮ್ಮ ಮಕ್ಕಳು ಎಷ್ಟೋ ಜನ ಅಲ್ಲಿಂದ ಅನ್ನ ಕಂಡರು.

ನಿನ್ನ ತಂಗಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ನಾಳೆ ಅವಳು ಮೀನು ಮಾರುಕಟ್ಟೆಯ ಲೆಕ್ಕಕ್ಕೋ, ಸಹಕಾರಿ ಸಂಘದ ಹಾಲಿನ ಲೆಕ್ಕಕ್ಕೋ ಒಂದು ಒಳ್ಳೆಯ ಆ್ಯಪ್ ಬರೆದಳು ಅಂದುಕೋ. ರಾತ್ರಿ ನಿದ್ದೆಗೆಟ್ಟು ಬರೆದಳು. ಬೆಲೆ ವರ್ಷಕ್ಕೆ 500 ರೂಪಾಯಿ ಇಟ್ಟಳು. ಮರುವಾರ ಕುಂದಾಪುರದಲ್ಲಿ ನಿನ್ನಂಥವನೇ ಒಬ್ಬ ಬೀಗ ಮುರಿದು "50 ರೂಪಾಯಿಗೆ ಲೋಡ್ ಮಾಡಿಕೊಡ್ತೆ ಬನ್ನಿ" ಅಂದ. ಆಗ ನೀನು ನಗುತ್ತೀಯಾ? ದೊಡ್ಡ ಕಂಪನಿ ಕಳವನ್ನು ತಡೆದುಕೊಂಡೀತು, ಅದಕ್ಕೆ ವಕೀಲರಿದ್ದಾರೆ, ಬೇರೆ ದೇಶದ ಗಿರಾಕಿಗಳಿದ್ದಾರೆ. ಸಣ್ಣವರು ಮೊದಲ ವರ್ಷವೇ ಮುಚ್ಚುತ್ತಾರೆ. ಕನ್ನಡದಲ್ಲಿ ಒಳ್ಳೆಯ ಸಾಫ್ಟ್‌ವೇರ್ ಯಾಕಿಲ್ಲ ಎಂದು ನೀನೇ ಒಮ್ಮೆ ಸಿಡಿಮಿಡಿಗೊಂಡಿದ್ದೆ. ಕೊಳ್ಳುವವರಿಲ್ಲದ ಕಡೆ ಮಾಡುವವರು ಎಷ್ಟು ದಿನ ಕೂರುತ್ತಾರೆ, ಹೇಳು?

ಹಾಗೆಂದು ಕಳಕೊಂಡವರು ಸಿಟ್ಟಿಗೆ ಕಾನೂನು ಕೈಗೆತ್ತಿಕೊಳ್ಳುವುದೂ ದಾರಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು, ತಾವು ಮಾಡಿದ ವೈದ್ಯಕೀಯ ಸಾಫ್ಟ್‌ವೇರನ್ನು ಕದಿಯುವವರಿಗೆ ಬುದ್ಧಿ ಕಲಿಸಲೆಂದು ಫ್ಲಾಪಿಯಲ್ಲಿ ಒಂದು ಕಿಡಿಗೇಡಿ ಪ್ರೋಗ್ರಾಮ್ ಸೇರಿಸಿದರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು. ಅದು ಕೈಮೀರಿ ಲೋಕವೆಲ್ಲ ಸುತ್ತಿತು. ಪಿಸಿಗಳ ಮೊದಲ ವೈರಸ್ 'ಬ್ರೇನ್' ಅದೇ.

ಹಾಗಾದರೆ ಹಣವಿಲ್ಲದವ ಏನು ಮಾಡಬೇಕು? ಅಂಗಡಿಯ ಬಾಡಿಗೆ, ಪ್ರಿಂಟರಿನ ಕಂತು, ಕರೆಂಟು ಬಿಲ್ಲು ನನಗೂ ಕಾಣುತ್ತದೆ. ಸುಮ್ಮನೆ ಉಪದೇಶ ಮಾಡಿ ಎದ್ದು ಹೋಗುವ ಅಜ್ಜಯ್ಯ ನಾನಲ್ಲ.

ಗಡಿಯಾಚೆ ಕಾಸರಗೋಡಿಗೆ ಹೋಗಿ ನೋಡು. ಕೇರಳ ಸರ್ಕಾರ ಎರಡು ಸಾವಿರದ ದಶಕದಲ್ಲೇ ಶಾಲೆಯ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನ ಮೇಲೆ ಕಲಿಯುತ್ತಾರೆ. ಕಳ್ಳಪ್ರತಿಯ ಹಂಗಿಲ್ಲ, ಲೈಸೆನ್ಸಿನ ಖರ್ಚೂ ಇಲ್ಲ. ಹೈಸ್ಕೂಲಿನ ಮಕ್ಕಳಿಗೆ ಆಗುವುದು ನಿನಗಾಗದೇ? ಬರವಣಿಗೆಗೆ, ಲೆಕ್ಕದ ಪಟ್ಟಿಗೆ ಲಿಬ್ರೆಆಫೀಸ್ ಇದೆ. ಫೋಟೋ ತಿದ್ದಲು ಗಿಂಪ್, ಫ್ಲೆಕ್ಸಿನ ಗೆರೆ ಚಿತ್ರಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್. ವಿಡಿಯೋ ಕತ್ತರಿಸಲು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಮದುವೆ ಕೆಲಸಕ್ಕೆ ಧಾರಾಳ ಸಾಕು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ತರದ ಅಕ್ಷರಗಳು ಮುಕ್ತ ಲೈಸೆನ್ಸಿನವು. ಕಾಗದಕ್ಕೆ ಹಾಕು, ಬೋರ್ಡಿಗೆ ಹಾಕು, ಕೇಳುವವರಿಲ್ಲ. ಅಕ್ಷರವನ್ನೇ ಬಿಡಿಯಾಗಿ ಮಾರಬಾರದು, ಅಷ್ಟು ಷರತ್ತಿದೆ. ಪುಕ್ಕಟೆ ಕೊಟ್ಟವನ ಷರತ್ತನ್ನೂ ಪಾಲಿಸು.

ಮೊದಮೊದಲು ಕೈ ಒಗ್ಗುವುದಿಲ್ಲ, ಅದೂ ನಿಜ. ಹಳೆಯ ಪೇಜ್‌ಮೇಕರಿನ ಫೈಲು ಇವುಗಳಲ್ಲಿ ಸರಿಯಾಗಿ ತೆರೆದುಕೊಳ್ಳದೆ ಸಿಟ್ಟು ಬರುತ್ತದೆ. ಶಾರ್ಟ್‌ಕಟ್ ಕೀಲಿಗಳು ಬೇರೆ. ನಾಲ್ಕು ದಿನ ಬೈದುಕೊಳ್ಳುತ್ತೀಯ, ಐದನೆಯ ದಿನ ಬೈಯುವುದನ್ನು ಮರೆಯುತ್ತೀಯ. ಅಡೋಬಿಯದ್ದೇ ಬೇಕು, ಪ್ರೆಸ್ಸಿನವರು ಅದನ್ನೇ ಕೇಳುತ್ತಾರೆ ಎಂದಾದರೆ ಸೀಸನ್ನಿನ ತಿಂಗಳುಗಳಿಗೆ ಮಾತ್ರ ಚಂದಾ ಕಟ್ಟು. ಕಟ್ಟುವ ಮೊದಲು ತಿಂಗಳದ್ದೋ ವರ್ಷದ್ದೋ ಒಪ್ಪಂದ ಎಂದು ಕಣ್ಣುಬಿಟ್ಟು ಓದು, ಅವಸರದಲ್ಲಿ ಒತ್ತಬೇಡ. ಆ ಖರ್ಚನ್ನು ಆಲ್ಬಮ್ಮಿನ ದರದಲ್ಲಿ ಸೇರಿಸು. ಇಂಕಿಗೆ, ಕಾಗದಕ್ಕೆ ಸೇರಿಸುತ್ತೀಯಲ್ಲ? ಸಾಫ್ಟ್‌ವೇರನ್ನು ಲೆಕ್ಕಕ್ಕೆ ಹಿಡಿಯದೆ ದರ ಇಳಿಸಿದ್ದಕ್ಕೇ ಪಕ್ಕದ ಅಂಗಡಿಯವನೂ ಇಳಿಸಿದ. ಈಗ ಇಬ್ಬರಿಗೂ ಗಿಟ್ಟುತ್ತಿಲ್ಲ.

ತಂಗಿಗೂ ಹೇಳು. ಆಟೋಡೆಸ್ಕಿನಂಥ ಕಂಪನಿಗಳು ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಕೊಡುತ್ತವೆ, ಕಾಲೇಜಿನ ಗುರುತು ತೋರಿಸಿದರೆ ಆಯಿತು. ಅದರಲ್ಲಿ ಕಲಿಯಬಹುದು, ಸಂಪಾದನೆ ಮಾಡಬಾರದು. ಅವಳ ಪ್ರತಿಯಲ್ಲಿ ನೀನು ಗಿರಾಕಿಯ ಮನೆಯ ನಕ್ಷೆ ಬಿಡಿಸಲು ಕೂರಬೇಡ.

ಒಂದು ಮಾತನ್ನು ಮಾತ್ರ ಕಟುವಾಗಿ ಹೇಳುತ್ತೇನೆ. ನಿನ್ನ ಮಟ್ಟಿಗೆ ಬಳಸುವುದು ಒಂದು ತಪ್ಪು. ಗಿರಾಕಿಯ ಲ್ಯಾಪ್‌ಟಾಪಿಗೆ ಕಳ್ಳಪ್ರತಿ ಹಾಕಿ 300 ರೂಪಾಯಿ ಇಸಿದುಕೊಳ್ಳುವುದು ಅದಕ್ಕಿಂತ ದೊಡ್ಡದು. ಪಾಪದ ಟೀಚರಮ್ಮ, ಸೊಸೈಟಿಯ ಗುಮಾಸ್ತ, ನಿನ್ನನ್ನು ನಂಬಿ ಮಷೀನು ಬಿಟ್ಟು ಹೋಗುತ್ತಾರೆ. ಅವರ ಬ್ಯಾಂಕಿನ ಪಾಸ್‌ವರ್ಡು, ಮಕ್ಕಳ ಅಂಕಪಟ್ಟಿ ಎಲ್ಲ ಅದರಲ್ಲಿ. ಒಳಗೆ ಏನು ಬಿಟ್ಟಿದ್ದೀಯ ಎಂದು ನಿನಗೇ ಗೊತ್ತಿಲ್ಲ. ಆ ಕೆಲಸ ನಾಳೆಯಿಂದ ನಿಲ್ಲಬೇಕು. "ಒರಿಜಿನಲ್ ಇಷ್ಟಾಗುತ್ತದೆ, ಬೇಡವಾದರೆ ಉಚಿತದ್ದು ಹಾಕಿ ಕಲಿಸಿಕೊಡುತ್ತೇನೆ" ಎಂದು ಮುಖ ನೋಡಿ ಹೇಳು. ಕೆಲವರು ಎದ್ದು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಈ ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತುಕೋ. ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಒಂದು ಹಾಳೆಯಲ್ಲಿ ಬರೆ. ಬಿಲ್ಲಿರುವುದು ಯಾವುದು, ಉಚಿತದ್ದು ಯಾವುದು, ಕ್ರ್ಯಾಕು ಯಾವುದು ಎಂದು ಎದುರಿಗೆ ಗುರುತು ಹಾಕು. ಮೊದಲು ಗಿರಾಕಿಗಳ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ತೆಗೆದು, ಡಿಸ್ಕನ್ನು ಕಳಚಿ ಕಪಾಟಿನಲ್ಲಿಡು. ಆಮೇಲೆ ಮಷೀನನ್ನು ಪೂರ್ತಿ ಫಾರ್ಮ್ಯಾಟ್ ಮಾಡು, ಕ್ರ್ಯಾಕು ಹೊಕ್ಕ ಮಷೀನಿನಲ್ಲಿ ಅರೆಬರೆ ಒರೆಸಿದರೆ ಆಗುವುದಿಲ್ಲ. ಮೊದಲ ಲೈಸೆನ್ಸಿನ ಹಣಕ್ಕೆ ಕೈ ಕಟ್ಟಿದರೆ ನನ್ನ ಹತ್ತಿರ ಬಾ, ಕೊಡುತ್ತೇನೆ, ದೀಪಾವಳಿಯೊಳಗೆ ತಿರುಗಿಸು. ಬಿಲ್ಲನ್ನು ಅಂಗಡಿಯ ಹೆಸರಿಗೇ, ಜಿಎಸ್‌ಟಿ ನಂಬರ್ ಹಾಕಿಸಿಯೇ ತಕೊ. ಅದು ವ್ಯಾಪಾರದ ಖರ್ಚು, ಲೆಕ್ಕದಲ್ಲಿ ಕಳೆಯಲು ಬರುತ್ತದೆ.